ಧರ್ಮಶಾಲೆಯಲ್ಲಿ ಕೂರಿಸಿದವನು

ಆ ವರ್ಷಗಳಲ್ಲಿ ಬೀದರಿನ ಧಾನ್ಯದ ಮಾರುಕಟ್ಟೆಯಾದ ಗಾಂಧಿ ಗಂಜಿನಲ್ಲಿ ಖಾಲಿ ಜಾಗ ಸಿಗುವುದು ಕಷ್ಟವಿರಲಿಲ್ಲ. ಒಂದರ ಹಿಂದೆ ಒಂದು ಮಳೆಗಾಲ ಕೈಕೊಟ್ಟಿತ್ತು. ತೊಗರಿ, ಉದ್ದು ಬರುವ ಹೊತ್ತಿಗೂ ಲಾರಿಗಳು ಬರುತ್ತಿರಲಿಲ್ಲ. ಹಮಾಲರು ಕೈಗಾಡಿಗಳನ್ನು ಗೋಡೆಗೆ ಒರಗಿಸಿ ಹೈದರಾಬಾದಿಗೆ ಹೋಗಿದ್ದರು. ನಮ್ಮ ಗೆಳೆಯನೊಬ್ಬನ ತಂದೆಯ ಅಡತಿ ಅಂಗಡಿಯ, ಎಂದರೆ ದಲ್ಲಾಳಿ ಮಳಿಗೆಯ, ಮೇಲೆ ಒಂದು ಉದ್ದನೆಯ ಕೋಣೆಯಿತ್ತು. ಒಳ್ಳೆಯ ವರ್ಷಗಳಲ್ಲಿ ಅಲ್ಲಿ ಚೀಲಗಳ ನಡುವೆ ಮನುಷ್ಯರು ನಿಲ್ಲುವುದೂ ಕಷ್ಟವಾಗಿತ್ತಂತೆ. ನಾವು ನಾಲ್ವರು ಭಾನುವಾರ ಮಧ್ಯಾಹ್ನ ಅಲ್ಲಿ ಚಾಪೆ ಹಾಸಿಕೊಂಡು ಆಟವಾಡುತ್ತಿದ್ದೆವು. ಬರ ಬೀಳದಿದ್ದರೆ ಆ ಜಾಗ ನಮಗೆ ಸಿಗುತ್ತಲೇ ಇರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆಟ ಎಂದರೆ ಇಸ್ಪೀಟಲ್ಲ, ಕೇರಂ ಅಲ್ಲ. ಇದನ್ನು ವಿವರಿಸಿ ವಿವರಿಸಿ ನನಗೆ ಸಾಕಾಗಿದೆ. ನನ್ನ ಗಂಡ ಬಹಳ ದಿನ ಅದನ್ನು ಹೆಂಗಸರು ಚೀಟಿ ಹಾಕುವ ಭಿಶಿ ಎಂದೇ ತಿಳಿದಿದ್ದರು. ನಾಲ್ವರಲ್ಲಿ ಇಬ್ಬರು ಗಂಡಸರು ಎಂದು ಗೊತ್ತಾದ ಮೇಲೆ ಯಾವುದೋ ಸಂಘದ ರಾಜಕೀಯ ಎಂದುಕೊಂಡರು. ಅದು ಕೂತಲ್ಲೇ ಪಾತ್ರ ವಹಿಸಿ ಆಡುವ ಆಟ. ಒಬ್ಬರು ಕಥೆ ನಡೆಸುತ್ತಾರೆ: ನೀವು ಒಂದು ಹಾಳು ಕೋಟೆಯ ಬಾಗಿಲಿಗೆ ಬಂದಿದ್ದೀರಿ, ಒಳಗೆ ಏನೋ ಸದ್ದಾಗುತ್ತಿದೆ, ಏನು ಮಾಡುತ್ತೀರಿ? ಉಳಿದವರಿಗೆ ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ತಮ್ಮ ಪಾತ್ರ ಏನು ಮಾಡುತ್ತದೆ, ಏನು ಮಾತಾಡುತ್ತದೆ ಎಂದು ಅವರೇ ಹೇಳುತ್ತಾರೆ. ಆಗುವುದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಹಾಕಿ ನೋಡುವುದು. ಗೆಲ್ಲುವವರಿಲ್ಲ, ಸೋಲುವವರಿಲ್ಲ, ಮುಗಿಯುವುದೂ ಇಲ್ಲ. ಇಷ್ಟನ್ನೂ ಕೇಳಿಸಿಕೊಂಡು ನನ್ನ ಗಂಡ, "ಮತ್ತ ಯಾತಕ್ಕ ಆಡ್ತೀರಿ?" ಎಂದರು. ನೌಕರಿಗೆ ಸೇರಿದಂದಿನಿಂದ ಒಂದೇ ಕಚೇರಿಯ ಒಂದೇ ಕುರ್ಚಿಯಲ್ಲಿ ಕೂತ ಮನುಷ್ಯ ಆ ಪ್ರಶ್ನೆ ಕೇಳಬಾರದಿತ್ತು.

ಆಟವನ್ನು ಬೀದರಿಗೆ ತಂದವನು ಮಾಸ್ತರ. ಔರಾದ ತಾಲ್ಲೂಕಿನ ಡಾಬಕಾದವನು, ಸಂತಪುರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಹೈದರಾಬಾದಿನಲ್ಲಿ ಓದುವಾಗ ಹಾಸ್ಟೆಲಿನ ಹುಡುಗರಿಂದ ಕಲಿತು, ನಿಯಮದ ಪುಸ್ತಕದ ಝೆರಾಕ್ಸ್ ಪ್ರತಿಯೊಂದನ್ನು ತಂದಿದ್ದ. ಅಡತಿ ಅಂಗಡಿಯ ಗೆಳೆಯ ಪಿಯುಸಿಯಲ್ಲಿ ಅವನ ಬೆಂಚಿನವನು. ಅವನನ್ನು ನಾವು ಸೇಠ ಎನ್ನುತ್ತಿದ್ದೆವು, ಅಂಗಡಿಯಲ್ಲಿ ಸೊಳ್ಳೆ ಹೊಡೆಯುವುದು ಬಿಟ್ಟರೆ ಅವನಿಗೆ ಆಗ ಬೇರೆ ವ್ಯಾಪಾರವಿರಲಿಲ್ಲ. ಮೂರನೆಯವಳು ಔರಾದಿನ ಆಸ್ಪತ್ರೆಯೊಂದರಲ್ಲಿ ನರ್ಸ್, ಮಾಸ್ತರನಿಗೆ ಬಸ್ಸಿನ ಪರಿಚಯ. ನಮಗೆಲ್ಲ ಅವಳು ಸಿಸ್ಟರ್. ನಾನು ಸೇಠನ ನೆರೆಮನೆಯವಳು. ಭಾಲ್ಕಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಪುಸ್ತಕ ಇಂಗ್ಲಿಷಿನಲ್ಲಿದ್ದದ್ದರಿಂದ ಕಥೆ ನಡೆಸುವ ಕೆಲಸ ನನ್ನ ಕೊರಳಿಗೆ ಬಿತ್ತು. ವಾರವಿಡೀ ಮಕ್ಕಳ ಉತ್ತರ ಪತ್ರಿಕೆ ತಿದ್ದಿ ದಣಿದವಳಿಗೆ ಭಾನುವಾರವೂ ಮೂವರನ್ನು ಸಂಭಾಳಿಸುವ ಕೆಲಸ. ಆದರೂ ಹೋಗುತ್ತಿದ್ದೆ. ಬೆಳಿಗ್ಗೆ ನಳಕ್ಕೆ ನೀರು ಬರುವ ದಿನವಾದರೆ ಕೊಡಗಳನ್ನೆಲ್ಲ ತುಂಬಿಸಿಟ್ಟು, ಸೊಂಟ ಹಿಡಿದುಕೊಂಡೇ ಮೆಟ್ಟಿಲು ಹತ್ತುತ್ತಿದ್ದೆ.

ಪುಸ್ತಕ ಕೇಳುವ ಇಪ್ಪತ್ತು ಮುಖದ ದಾಳ ಬೀದರಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಸಿಸ್ಟರ್ ಹುಣಸೆ ಬೀಜಗಳ ಮೇಲೆ ಅಂಕಿ ಬರೆದು ಒಂದು ಸಂಚಿಗೆ ಹಾಕಿಕೊಂಡು ಬಂದಳು. ಕೈಹಾಕಿ ಒಂದು ತೆಗೆಯುವುದು, ಬಂದ ಅಂಕಿಗೆ ಒಪ್ಪಿಕೊಳ್ಳುವುದು. ಸೇಠ ಭಾರೀ ಖಡ್ಗದ ವೀರನಾದ. ಮನೆಯಲ್ಲಿ ಹಲ್ಲಿ ಕಂಡರೆ ಮಂಚ ಹತ್ತುವ ಮನುಷ್ಯ. ಸಿಸ್ಟರ್ ಕಳ್ಳಿಯಾದಳು, ಬೀಗ ತೆಗೆಯುವುದರಲ್ಲಿ ನಿಪುಣೆ. ಮಾಸ್ತರ ದಾರಿ ತೋರಿಸುವವನ ಪಾತ್ರ ತೆಗೆದುಕೊಂಡ. ಎರಡು ರಾಜ್ಯಗಳ ಗಡಿಯಲ್ಲಿ ಹುಟ್ಟಿ, ಎರಡೂ ಕಡೆಯ ಮಾತು ಬಲ್ಲವನು. ಖಡ್ಗವಿಲ್ಲ, ಮಂತ್ರವಿಲ್ಲ, ಬರೀ ಒಂದು ಕೋಲು. "ಇಷ್ಟು ಸಾದಾ ಯಾಕ್ರಿ ಮಾಸ್ತರ?" ಎಂದು ಸಿಸ್ಟರ್ ಕೇಳಿದ್ದಕ್ಕೆ, "ನಂಗ ಗೊತ್ತಿರೋ ಮನುಷ್ಯನ್ನೇ ಆಡ್ತೇನ್ರಿ" ಎಂದಿದ್ದ.

ಪುಸ್ತಕದ ಮೂಲೆಯಲ್ಲಿ ಒಂದು ಸಾಲಿನ ನಿಯಮವಿತ್ತು: ಪ್ರತಿ ಪಾತ್ರಕ್ಕೂ ದಿನಕ್ಕೆ ಇಷ್ಟು ಕುಡಿಯುವ ನೀರು ಬೇಕು, ಸಿಗದಿದ್ದರೆ ಬಲ ಕುಗ್ಗುತ್ತದೆ. ಬೇರೆ ಕಡೆ ಆಡುವವರು ಆ ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಮಾಸ್ತರ ಮೊದಲೇ ಹೇಳಿದ್ದ. ಹಾಸ್ಟೆಲಿನಲ್ಲಿ ಅವರೂ ತೆಗೆದುಕೊಂಡಿರಲಿಲ್ಲ. ನಾವು ಅದನ್ನು ಓದಿ ಕೆಟ್ಟೆವು. ಮೊದಲ ಕೆಲವು ಭಾನುವಾರ ಈ ಮೂವರೂ ಕಥೆಯ ಮೊದಲ ಹಳ್ಳಿಯನ್ನು ಬಿಟ್ಟು ಕದಲಲಿಲ್ಲ. ಬೆಟ್ಟದಾಚೆ ನಿಧಿಯಿದೆ, ಅದನ್ನು ರೆಕ್ಕೆಯಿರುವ, ಬೆಂಕಿ ಉಗುಳುವ ಹಾವೊಂದು ಕಾಯುತ್ತಿದೆ ಎಂದು ನಾನು ಗಂಟಲು ಹರಿದುಕೊಂಡರೂ, ದಾರಿಯಲ್ಲಿ ಬಾವಿ ಎಲ್ಲೆಲ್ಲಿವೆ ಎಂದು ತಿಳಿಯುವವರೆಗೆ ಹೊರಡುವುದಿಲ್ಲ ಎಂದು ಕೂತರು. ಬಾವಿ ತೋರಿಸಿದರೆ ಸಿಸ್ಟರ್, "ಮುಚ್ಚಳ ಅದಾ? ಹುಳ ಆಗ್ಯಾವೇನು?" ಎಂದು ಕೇಳುತ್ತಿದ್ದಳು. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಒಂದು ಭಾನುವಾರ ನಾನು, "ಎದುರಿಗೆ ಹೊಳೆ ತುಂಬಿ ಹರೀಲತ್ತದ" ಎಂದೆ.

"ಯಾವ ಹೊಳಿರಿ?" ಎಂದ ಸೇಠ.

"ಕಥಿ ಒಳಗಿನ ಹೊಳಿ."

"ಅಲ್ರಿ ಮೇಡಂ, ಮ್ಯಾಲ ಎಲ್ಲಿ ಮಳಿ ಆಗ್ಯದ? ನಮ್ಮ ಮಾಂಜ್ರಾ ಹೊಳ್ಯಾಗೇ ಉಸುಕು ಹಾರಲತ್ತದ. ಇದು ಎಲ್ಲಿಂದ ತುಂಬಿ ಬಂತು?"

ಹಿಂದಿನ ಭಾನುವಾರವಷ್ಟೇ ರೆಕ್ಕೆಯ ಹಾವನ್ನು ಚಕಾರವೆತ್ತದೆ ಒಪ್ಪಿಕೊಂಡಿದ್ದ ಮನುಷ್ಯ ಈಗ ಹೊಳೆಗೆ ಸಾಕ್ಷಿ ಕೇಳುತ್ತಿದ್ದ. ನಾನು ಪುಸ್ತಕ ಮುಚ್ಚಿ ಬಿಸಾಡಿದೆ. ಮಾಸ್ತರ ಅದನ್ನು ಎತ್ತಿಕೊಟ್ಟು, ಶಾಲೆಯಲ್ಲಿ ಮಾತಾಡುವ ಧಾಟಿಯಲ್ಲಿ ಹೇಳಿದ: "ಆಟದಾಗ ಸುಳ್ಳು ನಡೀತದ್ರಿ. ಆದ್ರ ಎಲ್ಲರೂ ಕೂಡಿ ಒಪ್ಪಿದ ಸುಳ್ಳು ಇರ್ಬೇಕು. ಹಾವು ನಾವು ಒಪ್ಪೀವಿ. ಹೊಳಿ ಇನ್ನಾ ಒಪ್ಪಿಲ್ಲ." ನಾನು ಹೊಳೆಯನ್ನು ಒಣಗಿಸಿದೆ. ಅವರು ಉಸುಕಿನ ಮೇಲೆ ನಡೆದು ದಾಟಿದರು. ಕೊನೆಗೆ ಹಾವಿನ ಗುಹೆ ತಲುಪಿದಾಗ ಅಲ್ಲೊಂದು ಒರತೆ ಇದೆ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ನಿಧಿಯನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಮಾಸ್ತರನ ದಾರಿಗಾರ ಆ ಹಾವಿನ ಜೊತೆ ಕೂತು ನೀರಿಗೆ ಪಾಳಿ ಹಚ್ಚಿಸಿದ: ಬೆಳಿಗ್ಗೆ ಹಳ್ಳಿಗೆ, ಸಂಜೆ ಹಾವಿಗೆ. ಪುಸ್ತಕ ಬರೆದವರು ಅದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ. ನಾನಂತೂ ಬಹಳ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಹೀಗೆ ಪುಸ್ತಕದ ನಿಯಮಗಳು ಸವೆದು ನಮ್ಮವೇ ನಿಯಮಗಳು ಬಂದವು. ಅವುಗಳಲ್ಲಿ ಒಂದು ಮಾತ್ರ ಜಗಳದಿಂದ ಬಂತು. ಕಥೆಯಲ್ಲಿ ಒಂದು ಸಲ ಊರಗೌಡನೊಬ್ಬ ಈ ಮೂವರನ್ನು ಚಾವಡಿಗೆ ಕರೆಸಿದ್ದ. ಸೇಠ ಉತ್ಸಾಹದಲ್ಲಿ ತನ್ನ ವೀರನ ಮಾತು ಮುಗಿಸಿ, ಹಾಗೇ ಮುಂದುವರಿದು, "ನಮ್ಮ ದಾರಿಗಾರ ಬಾಗಿಲಾಗೇ ನಿಂತಾನ್ರಿ, ಒಳಗ ಬರಾಕ ಅಂಜ್ತಾನ" ಎಂದುಬಿಟ್ಟ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಮಾಸ್ತರ ಎದ್ದು ನಿಂತ. ಅವನ ಮುಖ ಹಾಗೆ ಬಿಗಿದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ನನ್ನ ಮನುಷ್ಯ ಏನ್ ಮಾಡ್ತಾನ ಅಂತ ನಾ ಹೇಳ್ತೇನಿ. ನೀವು ಹೇಳಬ್ಯಾಡ್ರಿ."

"ಆಟ ಅಲ್ಲೇನೋ ಮಾರಾಯಾ..."

"ಆಟಾನೇ. ನಮ್ಮ ಮುತ್ಯಾ ಏನಂತಾನ ಅಂತ ಊರ ಮಂದಿನೇ ಹೇಳ್ತಿದ್ರು. ಅವನಿಗಿ ಕೇಳೋರು ಯಾರೂ ಇರ್ಲಿಲ್ಲ. ಅವ ಎಲ್ಲಿ ನಿಂದರ್ಬೇಕು, ಎಷ್ಟೊತ್ತು ನಿಂದರ್ಬೇಕು, ಎಲ್ಲಾ ಅವ್ರೇ." ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ.

ಅವನ ಮನೆಯವರು ಆ ಅಜ್ಜನ ಕಾಲದಲ್ಲೇ ಬೌದ್ಧರಾದವರು. ಓದಿದರು, ಮನೆಗಿಬ್ಬರಂತೆ ನೌಕರಿಗೆ ಸೇರಿದರು. ಮಾಸ್ತರ ಅದನ್ನೆಲ್ಲ ನಮ್ಮ ಮುಂದೆ ಎಂದೂ ಎತ್ತಿದವನಲ್ಲ. ಮುಂದಿನ ಭಾನುವಾರ ಬಂದ. ಸೇಠ ಅವನಿಗೆ ಚಹಾ ಸುರಿದುಕೊಟ್ಟು, ಕ್ಷಮೆ ಕೇಳುವ ಬದಲು, ನಿಯಮವೊಂದನ್ನು ಹೇಳಿದ: ಒಬ್ಬರ ಪಾತ್ರದ ಬಾಯಿಂದ ಇನ್ನೊಬ್ಬರು ಮಾತಾಡುವಂತಿಲ್ಲ, ಅವರಿಲ್ಲದಾಗಲೂ. ಸೇಠನಿಗೆ ಕ್ಷಮೆ ಕೇಳಲು ಬರುತ್ತಿರಲಿಲ್ಲ, ನಿಯಮ ಮಾಡಲು ಬರುತ್ತಿತ್ತು. ಮಾಸ್ತರ "ಆಯ್ತು" ಎಂದ. ಆಮೇಲೆ ನಾವು ಆ ನಿಯಮವನ್ನು ಒಮ್ಮೆಯೂ ಮುರಿಯಲಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ.

ಬರ ಎರಡನೆಯ ವರ್ಷಕ್ಕೆ ಕಾಲಿಟ್ಟಿತು. ಸಂತಪುರದಿಂದ ಬರುವ ಬಸ್ಸುಗಳಲ್ಲಿ ಗಂಟುಮೂಟೆಗಳೇ ಹೆಚ್ಚಾದವು. ಬೀದರ ನಿಲ್ದಾಣದಲ್ಲಿ ಹಂಡೆ, ಹಾಸಿಗೆ, ಸ್ಟೋವು, ಕೂಸುಗಳನ್ನು ಸುತ್ತ ಇಟ್ಟುಕೊಂಡು ಜನ ಹೈದರಾಬಾದ ಬಸ್ಸಿಗೋ ಪುಣೆ ಬಸ್ಸಿಗೋ ಕಾಯುತ್ತಿದ್ದರು. ಭಾಲ್ಕಿಯಲ್ಲಿ ನನ್ನ ತರಗತಿಯಲ್ಲಿ ಹಾಜರಿ ಕರೆದರೆ ಉತ್ತರ ಬರದ ಹೆಸರುಗಳು ಹೆಚ್ಚಾದವು. ಮೊದಮೊದಲು ಗದರಿಸುತ್ತಿದ್ದೆ. ಆಮೇಲೆ ಅದಕ್ಕೂ ಬೇಸರ ಬಂತು. ಮಾಸ್ತರನ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ, ಎರಡೆರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ಬೇಸಿಗೆ ರಜೆ ಮುಗಿದ ಮೇಲೆ ಶಾಲೆ ತೆರೆಯಲೇ ಇಲ್ಲ. ಮಳೆಯಾಗಿ ಮಂದಿ ತಿರುಗಿ ಬಂದರೆ ಮತ್ತೆ ನಡೆಸುತ್ತೇವೆ ಎಂದು ಆಡಳಿತದವರು ಹೇಳಿದರಂತೆ.

ಅವನು ಪುಣೆಗೆ ಹೊರಟ. ಅಲ್ಲೊಂದು ಗೋದಾಮಿನಲ್ಲಿ ಸಾಮಾನು ಇಳಿಸುವ, ಏರಿಸುವ ಉಸ್ತುವಾರಿ. ಹೆಂಡತಿ, ಮಗಳು ಆಮೇಲೆ ಬರುವುದೆಂದಾಯಿತು. ಹೊರಡುವ ಮೊದಲಿನ ಭಾನುವಾರ ಆಟದಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಕಥೆಯಲ್ಲಿ ಅವರು ಒಂದು ಧರ್ಮಶಾಲೆಯಲ್ಲಿ ಇಳಿದುಕೊಂಡಿದ್ದರು. ಮರುದಿನ ಗಡಿ ದಾಟಬೇಕಿತ್ತು.

"ಸಾಲಿ ತೆರದ್ರ ಬರ್ತೀರಲ್ರಿ?" ಎಂದು ಸಿಸ್ಟರ್ ಕೇಳಿದಳು.

"ತೆರದ್ರ ಬರದೇ ಏನ್ರಿ."

ಆ ಮಾತನ್ನು ಹಿಡಿದುಕೊಂಡೇ ನಾವು ಮೂವರು ಎರಡು ವರ್ಷ ಕಳೆದೆವು. ನನಗೆ ಅವನು ಮರಳಿ ಬರಬೇಕಿತ್ತು. ಮುಚ್ಚಿಟ್ಟು ಏನು ಪ್ರಯೋಜನ, ಬೀದರಿನಲ್ಲಿ ನನ್ನ ಜೊತೆ ಸರಿಸಮನಾಗಿ ವಾದ ಮಾಡುತ್ತಿದ್ದವನು ಅವನೊಬ್ಬನೇ. ನಾನು ಸಿಡುಕಿದರೆ ಕಾಲೇಜಿನಲ್ಲಿ ತಲೆ ತಗ್ಗಿಸುತ್ತಿದ್ದರು, ಮನೆಯಲ್ಲಿ ಟೀವಿಯ ದನಿ ಏರಿಸುತ್ತಿದ್ದರು. ಅವನು ಮಾತ್ರ, "ಸಿಟ್ಟು ಬಂದದ, ಅದು ಖರೇ. ಆದ್ರ ತಪ್ಪು ಎಲ್ಲಿ ಅದ ಅಂತ ಹೇಳ್ರಿ" ಎನ್ನುತ್ತಿದ್ದ.

ಅವನು ಹೋದ ಮೇಲಿನ ಮೊದಲ ಭಾನುವಾರ, ಅವನ ದಾರಿಗಾರನನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಪುಸ್ತಕ ಎರಡು ದಾರಿ ಹೇಳುತ್ತದೆ: ಬೇರೆ ಯಾರಾದರೂ ಆ ಪಾತ್ರ ಆಡಬಹುದು, ಇಲ್ಲವೇ ಕಥೆಯಲ್ಲಿ ಅವನನ್ನು ಸಾಯಿಸಬಹುದು. ಮೊದಲನೆಯದಕ್ಕೆ ನಮ್ಮ ನಿಯಮ ಅಡ್ಡ ಬಂತು. ಎರಡನೆಯದನ್ನು ಕೇಳಿಯೇ ಸಿಸ್ಟರ್ ಕಿವಿ ಮುಚ್ಚಿಕೊಂಡಳು. ಸೇಠನೇ ಮೂರನೆಯದನ್ನು ಹುಡುಕಿದ. "ಅವ ಧರ್ಮಶಾಲಿದಾಗೇ ಕುಂತಿರ್ಲಿ. ಅವನ ಗಂಟು ಯಾರೂ ಮುಟ್ಟಬಾರ್ದು, ಅವನ ಪರವಾಗಿ ಯಾರೂ ಮಾತಾಡಬಾರ್ದು. ಬಂದ ಮ್ಯಾಲ ಎದ್ದು ನಮ್ಮ ಕೂಡ ಬರ್ತಾನ." ನಮಗೆಲ್ಲ ಅದು ಬಹಳ ಒಳ್ಳೆಯದಾಗಿ ಕಂಡಿತು. ಎದೆ ತುಂಬಿ ಬಂತು ಎಂದರೂ ತಪ್ಪಿಲ್ಲ.

ಆಮೇಲೆ ಅದು ರೂಢಿಯಾಯಿತು. ಪ್ರತಿ ಭಾನುವಾರ ಆಟ ಶುರುಮಾಡುವ ಮೊದಲು ನಾನು, "ದಾರಿಗಾರ ಧರ್ಮಶಾಲೆಯಲ್ಲಿ ಕೂತಿದ್ದಾನೆ" ಎಂದು ಹೇಳಬೇಕು. ಸಿಸ್ಟರ್ ಫೋನಿನಲ್ಲಿ ಅವನಿಗೆ ಸುದ್ದಿ ಕಳಿಸಬೇಕು: ನಿಮ್ಮವ ಆರಾಮ ಅದಾನ್ರಿ, ಕುಂತಾನ. ಮೊದಲು ಅವನಿಂದ ಉದ್ದುದ್ದ ಉತ್ತರ ಬರುತ್ತಿತ್ತು. ಧರ್ಮಶಾಲೆಯಲ್ಲಿ ಊಟ ಹೇಗಿದೆ, ಸೊಳ್ಳೆ ಇವೆಯೇ ಎಂದು ಚೇಷ್ಟೆ ಮಾಡುತ್ತಿದ್ದ. ಆಮೇಲೆ ಒಂದು ಹೆಬ್ಬೆರಳಿನ ಚಿತ್ರ. ಆಮೇಲೆ ಅದೂ ತಡವಾಗಿ. ಕೆಲಸ ಜಾಸ್ತಿ ಇರಬೇಕು ಎಂದು ಸೇಠ ಹೇಳುತ್ತಿದ್ದ.

ಕಥೆಯೋ, ಕಾಲು ಮುರಿದ ಎತ್ತಿನ ಹಾಗೆ ಆ ಗಡಿಯ ಸುತ್ತಲೇ ತೆವಳುತ್ತಿತ್ತು. ದಾರಿಗಾರನಿಲ್ಲದೆ ಗಡಿ ದಾಟುವಂತಿಲ್ಲ, ಆಚೆಯ ಮಾತು ಬಲ್ಲವನು ಅವನೊಬ್ಬನೇ. ಸೇಠನ ವೀರ ಮತ್ತು ಸಿಸ್ಟರಳ ಕಳ್ಳಿ ಈಚೆಯ ಹಳ್ಳಿಗಳಲ್ಲೇ ಸುತ್ತಿ, ಇದ್ದ ಬದ್ದ ಭೂತಗಳನ್ನೆಲ್ಲ ಓಡಿಸಿ, ಸಂಜೆಗೆ ಮತ್ತೆ ಧರ್ಮಶಾಲೆಗೆ ಬರುತ್ತಿದ್ದರು. ನನಗೆ ಹೊಸ ಭೂತ ಹುಟ್ಟಿಸಿ ಹುಟ್ಟಿಸಿ ಸುಸ್ತಾಯಿತು. ಮಧ್ಯಾಹ್ನದ ಸೆಕೆಯಲ್ಲಿ ಸೇಠ ಕೂತಲ್ಲೇ ತೂಕಡಿಸುತ್ತಿದ್ದ. ಸಿಸ್ಟರ್ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವಳು ಸಂಚಿಯಲ್ಲಿ ಕೈಯಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದಳು. ಬೇರೆ ಕಥೆ ಶುರುಮಾಡೋಣವೇ ಎಂದು ನಾನೊಮ್ಮೆ ಕೇಳಿದೆ. "ಮಾಸ್ತರ ಬಂದ್ರ ಏನಂತ ಹೇಳೋದು?" ಎಂದರು ಇಬ್ಬರೂ. ನನಗೂ ಅದೇ ಉತ್ತರ ಬೇಕಾಗಿತ್ತು.

ಅವನು ಹೋದ ಮೇಲಿನ ಮೂರನೆಯ ಮಳೆಗಾಲ ಅಷ್ಟಿಷ್ಟು ಹಿಡಿಯಿತು. ಹೆಸರಿನ ಬೆಳೆ ಕೈಗೆ ಬಂತು, ಗಂಜಿನಲ್ಲಿ ಮತ್ತೆ ಲಾರಿಯ ಹಾರನ್ನು ಕೇಳಿಸತೊಡಗಿತು. ಸಂತಪುರದ ಶಾಲೆಗೆ ಸುಣ್ಣ ಬಳಿಯುತ್ತಿದ್ದಾರೆಂದು ಸಿಸ್ಟರ್ ಬಸ್ಸಿನಿಂದ ನೋಡಿ ಬಂದು ಹೇಳಿದಳು. ಅದೇ ವಾರ ಮಾಸ್ತರನ ಫೋನು ಬಂತು. ಡಾಬಕಾದಲ್ಲಿ ಚಿಕ್ಕಪ್ಪನ ಮಗಳ ಮದುವೆ, ಊರಿಗೆ ಬಂದಿದ್ದೇನೆ, ಭಾನುವಾರ ಬೀದರಿಗೆ ಬರುತ್ತೇನೆ ಎಂದ. ಸೇಠ ಕೋಣೆ ಗುಡಿಸಿಸಿ, ಮಿರ್ಚಿ ಭಜಿ ತರಿಸಿ ಕಾದ. ನಾನು ಪುಸ್ತಕ ತೆಗೆದು, ಗಡಿ ದಾಟಿದ ಮೇಲಿನ ಕಥೆಯನ್ನು ಎರಡು ರಾತ್ರಿ ಕೂತು ಕಟ್ಟಿದೆ. ಮದುವೆಗೆ ಹೊರಟ ಹುಡುಗಿಯ ಹಾಗೆ ಏನಿದು ನಿನ್ನ ಸಡಗರ ಎಂದು ನನ್ನ ಗಂಡ ರೇಗಿಸಿದರು. ರೇಗಿಸಲಿ ಎಂದು ಸುಮ್ಮನಿದ್ದೆ.

ಅವನು ಬಂದ. ಸ್ವಲ್ಪ ಬಡವಾಗಿದ್ದ. ಭುಜ ಒಂದು ಕಡೆ ಇಳಿದಿತ್ತು. ಭಜಿ ತಿಂದ, ಎಲ್ಲರನ್ನೂ ವಿಚಾರಿಸಿದ, ಶಾಲೆಯ ಸುಣ್ಣದ ಸುದ್ದಿಗೆ "ಹೌದ್ರಿ, ನೋಡ್ದೆ" ಎಂದಷ್ಟೇ ಹೇಳಿದ. ನನಗೆ ತಾಳ್ಮೆ ಇರಲಿಲ್ಲ. ಚಹಾ ಲೋಟ ಬದಿಗಿಟ್ಟು ಶುರುಮಾಡಿಯೇಬಿಟ್ಟೆ.

"ದಾರಿಗಾರ ಧರ್ಮಶಾಲಿದಾಗ ಕುಂತಾನ. ವೀರ, ಕಳ್ಳಿ ಇಬ್ರೂ ಬಾಗಿಲಿಗಿ ಬಂದು ನಿಂತಾರ. ಏನ್ ಮಾಡ್ತಾನ್ರಿ ಮಾಸ್ತರ?"

ಅವನೂ ತನ್ನ ಲೋಟ ಕೆಳಗಿಟ್ಟ. ಆಮೇಲೆ ಕೇಳಿದ: "ಎಷ್ಟು ದಿನ ಆಯ್ತ್ರಿ ಅವ ಕುಂತು?"

"ನೀವು ಹೋದಾಗಿಂದ್ರಿ" ಎಂದಳು ಸಿಸ್ಟರ್.

"ಅವ ಕುಂತಾನ ಅಂತ ಯಾರ್ ಹೇಳಿದ್ರು?"

ಸೇಠ, "ನಿನ್ನ ಪರವಾಗಿ ಯಾರೂ ಆಡಬಾರ್ದು ಅಂತ ಅಲ್ಲೇನೋ, ಅದಕ್ಕೇ ಸುಮ್ನ ಕೂಡ್ಸೀವಿ" ಎಂದ.

"ಕೂಡ್ಸೋದೂ ಆಡ್ಸೋದೇ ಅಲ್ಲೇನ್ರಿ?"

ಈ ಸಲ ಅವನ ಮುಖ ಬಿಗಿದಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ದಣಿದವನ ಹಾಗೆ ಮಾತಾಡಿದ. ಭಾನುವಾರ ಮಧ್ಯಾಹ್ನ ಗೋದಾಮಿನಲ್ಲಿ ಕೆಲಸ ಹೆಚ್ಚಂತೆ. ಆ ಗದ್ದಲದಲ್ಲಿ ಕಿಸೆಯಲ್ಲಿ ಫೋನು ಅಲ್ಲಾಡಿದರೆ ನಮ್ಮ ಸುದ್ದಿ ಎಂದು ತೆಗೆಯದೆಯೇ ಗೊತ್ತಾಗುತ್ತಿತ್ತಂತೆ. "ಮೊದ್ಲ ಭಾಳ ಖುಷಿ ಆಗ್ತಿತ್ರಿ. ಅಲ್ಲಿ ನಂದೊಂದು ಜಾಗ ಅದ, ಯಾರೂ ಕುಂತಿಲ್ಲ ಅಂತ. ಆಮ್ಯಾಲ ಹ್ಯಾಂಗಾಯ್ತಂದ್ರ, ಅಲ್ಲಿ ಒಬ್ಬ ಗಂಟು ಕಟ್ಕೊಂಡು ಕುಂತಾನಲ್ಲ, ನಾವೂ ಹಂಗೇ ಕುಂತೀವಿ. ಮನ್ಯಾಗ ಎರಡು ಪೆಟ್ಟಿಗಿ ಇನ್ನಾ ಬಿಚ್ಚಿಲ್ಲ. ಒಂದು ಕಪಾಟು ತಗೊಳ್ಳೋಣ ಅಂದ್ರ ಬ್ಯಾಡ, ಹೋಗೋರು ನಾವು ಅಂತೀನಿ. ಗೋದಾಮದಾಗ ಪಕ್ಕಾ ನೌಕರಿ ಕೊಡ್ತೇವಿ ಅಂದ್ರು. ಆಮ್ಯಾಲ ಹೇಳ್ತೇನಿ ಅಂದೆ. ಮಗಳು ಅಲ್ಲಿ ಸಾಲಿಗಿ ಹೊಂದ್ಕೊಂಡಾಳ. ಊರಿಗಿ ಹೋಗೋಣೇನವ್ವಾ ಅಂದ್ರ, ಯಾವ ಊರಿಗಿ ಅಂತಾಳ. ಮನಿಯಾಕಿ ಹೋದ ತಿಂಗಳು ನನ್ನ ಫೋನ್ ನೋಡಿ ಕೇಳಿದ್ಳು: ಈ ಕುಂತಾನ ಕುಂತಾನ ಅಂತ ಬರೀತಾರಲ್ಲ, ಯಾರು ಅವ, ಅವನಿಗಿ ಎದ್ದು ಹೋಗಂತ ಹೇಳೋರು ಯಾರೂ ಇಲ್ಲೇನು?"

"ಸಾಲಿ ತೆರೀಲತ್ತದಲ್ರಿ" ಎಂದಳು ಸಿಸ್ಟರ್, ಬಹಳ ಸಣ್ಣ ದನಿಯಲ್ಲಿ.

"ತೆರೀಲತ್ತದ. ನಿನ್ನೆ ಹೋಗಿ ಮಾತಾಡಿ ಬಂದೆ. ಬಾ ಅಂದ್ರು. ಬರಂಗಿಲ್ಲ ಅಂತ ಹೇಳಿ ಬಂದೇನ್ರಿ."

ನನ್ನ ಬಾಯಿಗೆ ಬೀಗ ಯಾವತ್ತೂ ಇದ್ದದ್ದಲ್ಲ. "ಅವ ಹಂಗ ಬಿಟ್ಟು ಹೋಗೋ ಮನುಷ್ಯ ಅಲ್ಲ!" ಎಂದು ಕೂಗಿಬಿಟ್ಟೆ. "ದಾರಿಗಾರ! ಅವ ಎಲ್ಲರನ್ನೂ ದಾಟಿಸಿ ಹೋಗೋನು. ನಡು ದಾರ್ಯಾಗ ಕೈ ಬಿಡೋನಲ್ಲ ಅವ!"

ಸೇಠ ತಲೆ ತಗ್ಗಿಸಿದ. ನಾನು ಏನು ಹೇಳಿದ್ದೇನೆ ಎಂಬುದು ನನ್ನ ಕಿವಿಗೇ ಆಗ ತಾಕಿತು. ಮಾಸ್ತರ ಎದ್ದು ಹೋಗಬಹುದೆಂದು ಕಾದೆ. ಅವನು ಹೋಗಲಿಲ್ಲ. ನನ್ನನ್ನೇ ನೋಡಿ, "ಸಿಟ್ಟು ಬಂದದ, ಅದು ಖರೇ" ಎಂದಷ್ಟೇ ಹೇಳಿದ. ತಪ್ಪು ಎಲ್ಲಿದೆ ಎಂದು ಈ ಸಲ ಕೇಳಲಿಲ್ಲ.

ಆಮೇಲೆ ಸರಿಯಾಗಿ ಕೂತು, ಆಟದಲ್ಲಿ ಮಾತಾಡುವ ದನಿಯಲ್ಲಿ ಹೇಳಿದ: "ನನ್ನ ಮನುಷ್ಯ ಎದ್ದ. ಹಾಸಿಗಿ ಸುತ್ತಿದ. ಕುಂತ ಜಾಗ ಗುಡಿಸಿದ. ಕಳ್ಳಿಗಿ, ವೀರಗ ಕೈ ಮುಗಿದ. ಅವರಿಗಿ ಆಚಿ ಕಡಿ ಮಾತು ಒಂದಿಷ್ಟು ಕಲಿಸ್ಯಾನ, ಅಷ್ಟರಾಗ ದಾಟಬಹುದು. ಹೊರಗ ಬಂದು ನಿಂತಾನ. ಒಬ್ಬನೇ ಹೊರಟಾನ." ನನ್ನ ಕಡೆ ತಿರುಗಿದ. "ಮುಂದ ಏನ್ ಅದರಿ ಮೇಡಂ?"

ಅದನ್ನು ಹೇಳಬೇಕಾದವಳು ನಾನು. ಪಾತ್ರ ಅವನದು, ಆದರೆ ದಾರಿ ನನ್ನದು. ಅಲ್ಲಿ ಏನಿದೆ ಎಂದು ಕಥೆ ನಡೆಸುವವರು ಮಾತ್ರ ಹೇಳಬೇಕು, ಹೇಳಿದ್ದನ್ನು ಎಲ್ಲರೂ ಒಪ್ಪಬೇಕು. ನಾನು ಒಂದು ಮಾತಿನಲ್ಲಿ ಬಿರುಗಾಳಿ ಎಬ್ಬಿಸಬಹುದಿತ್ತು. ಗಡಿಯ ಕಾವಲುಗಾರರನ್ನು ನಿಲ್ಲಿಸಿ, ಅವನನ್ನು ತಡೆದು ತಿರುಗಿ ಧರ್ಮಶಾಲೆಗೆ ಅಟ್ಟಬಹುದಿತ್ತು. ಪುಸ್ತಕದ ಪ್ರಕಾರ ಗಡಿಯಲ್ಲಿ ಒಬ್ಬನೇ ನಡೆಯುವವನು ಬೀಜ ತೆಗೆಯಲೇಬೇಕು, ಅಂಕಿ ಕಡಿಮೆ ಬಂದರೆ ದಾಟುವಂತಿಲ್ಲ. ಅದು ಅವನಿಗೂ ಗೊತ್ತಿತ್ತು. ಸಿಸ್ಟರಳ ಮುಂದಿದ್ದ ಸಂಚಿಯನ್ನು ಎಳೆದುಕೊಂಡು, ಒಳಗೆ ಕೈಹಾಕಿ, ನನ್ನ ಮಾತಿಗಾಗಿ ಕಾದ. ನಾನು ಏನು ಹೇಳಿದರೂ ಒಪ್ಪುತ್ತಿದ್ದ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು. ಕೆಳಗೆ ಅಂಗಡಿಯಲ್ಲಿ ಯಾರೋ ತಕ್ಕಡಿಯ ಕಲ್ಲುಗಳನ್ನು ಜೋಡಿಸುತ್ತಿದ್ದರು.

"ಬೀಜ ತೆಗೀಬ್ಯಾಡ್ರಿ" ಎಂದೆ. "ಹಾದಿ ಬಯಲು ಅದ. ಕಾವಲು ಯಾರೂ ಇಲ್ಲ. ಹಗಲು ಇನ್ನಾ ಭಾಳ ಉಳದದ. ಹೋಗ್ರಿ."

ಅವನು ಸಂಚಿಯಿಂದ ಕೈ ತೆಗೆದ. ಆಮೇಲೆ ಯಾರೂ ಆಟದ ಮಾತಾಡಲಿಲ್ಲ. ಉಳಿದ ಭಜಿ ತಿಂದೆವು. ಸೇಠ ಕಪಾಟಿನ ವಿಚಾರ ತೆಗೆದು, ಮರದ್ದು ತಗೋ, ತಗಡಿನದು ಬೇಡ ಎಂದು ಬಹಳ ಹೊತ್ತು ಬುದ್ಧಿ ಹೇಳಿದ. ಸಂಜೆಯ ಔರಾದ ಬಸ್ಸಿಗೆ ನಾವು ಮೂವರೂ ನಿಲ್ದಾಣದವರೆಗೆ ಹೋದೆವು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಸಿಸ್ಟರ್ ರೂಢಿಯಂತೆ ಫೋನು ತೆಗೆದು, ಸ್ವಲ್ಪ ಹೊತ್ತು ನೋಡಿ, ಏನೂ ಬರೆಯದೆ ಒಳಗಿಟ್ಟಳು.

ನಾನು ಮನೆಗೆ ಬಂದು ಚಪ್ಪಲಿ ಸಹ ಬಿಡದೆ ಅಡುಗೆಮನೆಯಲ್ಲಿ ಕೂತು ಅತ್ತೆ. ಏನಾಯಿತು ಎಂದು ನನ್ನ ಗಂಡ ಗಾಬರಿಯಿಂದ ಕೇಳಿದರು. ಮಾಸ್ತರ ಹೋದ ಎಂದೆ. "ಅವ ಹೋಗಿ ಎರಡು ವರ್ಷ ಆಯ್ತಲ್ಲ?" ಎಂದರು ಅವರು. ಇಲ್ಲ, ಇವತ್ತು ಹೋದ ಎಂದೆ.